ಕಾಲೇಜಿನಿಂದ ವೃದ್ಧಾಶ್ರಮಕ್ಕೆ: ಹತ್ತು ವಾರದ ಕಲಿಕೆ ನಡೆಸುವ ಬಗೆ

ಮೊದಲ ಸಲ ವಿದ್ಯಾರ್ಥಿಗಳನ್ನು ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋದಾಗ ನಮ್ಮ ಬಸ್ಸಿನಲ್ಲಿ 58 ಹುಡುಗ ಹುಡುಗಿಯರಿದ್ದರು. ಎರಡು ಗೊನೆ ಬಾಳೆಹಣ್ಣು, ಒಂದು ಪೆಟ್ಟಿಗೆ ಬಿಸ್ಕತ್ತು, ಉದ್ದನೆಯದೊಂದು ಬ್ಯಾನರ್. ಅಲ್ಲಿದ್ದ ಹಿರಿಯರು ಮೂವತ್ತೋ ಮೂವತ್ತೊಂದೋ. ಹಣ್ಣು ಹಂಚಿದ್ದಾಯಿತು, ಒಬ್ಬಳು ಭಾವಗೀತೆ ಹಾಡಿದಳು, ಗ್ರೂಪ್ ಫೋಟೋ ಆಯಿತು, ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಹೊರಡುವಾಗ ಬಾಗಿಲ ಪಕ್ಕ ಕೂತಿದ್ದ ತಾತ ನನ್ನನ್ನು ಹತ್ತಿರ ಕರೆದು ಕೈಯಲ್ಲಿದ್ದ ಹಣ್ಣು ತೋರಿಸಿದರು. "ಮೇಷ್ಟ್ರೇ, ಈ ತಿಂಗಳಿಗೆ ಇದು ನಾಲ್ಕನೇದು. ನನಗೆ ಸಕ್ಕರೆ ಕಾಯಿಲೆ."

ಅವತ್ತಿನಿಂದ ಬ್ಯಾನರ್ ಕಟ್ಟುವುದನ್ನು ಬಿಟ್ಟೆ. ಈಗ ವರ್ಷಕ್ಕೆ ಒಂದೇ ಆಶ್ರಮ, ಹನ್ನೆರಡು ವಿದ್ಯಾರ್ಥಿಗಳು, ಆರು ಮಂದಿ ಹಿರಿಯರು, ಹತ್ತು ವಾರ. ಹಿರಿಯರಿಗೂ ಕಲಿಸುವುದಕ್ಕೆ ಏನಾದರೂ ಇರಬೇಕು, ಹುಡುಗರಿಗೂ ಇರಬೇಕು ಎಂಬುದೊಂದೇ ನನ್ನ ಷರತ್ತು. ಒಂದು ಕಡೆಯವರು ಬರೀ ಕೊಡುತ್ತಾ ಇನ್ನೊಂದು ಕಡೆಯವರು ಬರೀ ತೆಗೆದುಕೊಳ್ಳುತ್ತಾ ಇದ್ದರೆ ಮೂರನೇ ವಾರಕ್ಕೆ ಮಾತು ಖಾಲಿಯಾಗುತ್ತದೆ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ನೋಡಿಕೊಳ್ಳುವ ಅಧ್ಯಾಪಕರಿಗೆ, ತಾವೇ ಏನಾದರೂ ಮಾಡೋಣ ಎಂದುಕೊಂಡ ವಿದ್ಯಾರ್ಥಿಗಳಿಗೆ, ಆಶ್ರಮ ನಡೆಸುವವರಿಗೆ ಅನುಕೂಲವಾಗಲಿ ಎಂದು ನಮ್ಮ ಪದ್ಧತಿಯನ್ನು ಇಲ್ಲಿ ಬರೆದಿದ್ದೇನೆ.

ಹೊರದೇಶಗಳಲ್ಲಿ ಇದನ್ನು ಬಹಳ ಮುಂದೆ ಒಯ್ದಿದ್ದಾರೆ. ನೆದರ್ಲೆಂಡ್ಸಿನ ಡೆವೆಂಟರ್ ಊರಿನಲ್ಲಿ ಹ್ಯುಮಾನಿಟಾಸ್ ಎಂಬ ಹಿರಿಯರ ವಸತಿಯಿದೆ. ಅಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಬಾಡಿಗೆಯಿಲ್ಲದ ಕೋಣೆ ಕೊಟ್ಟು, ಬದಲಿಗೆ ತಿಂಗಳಿಗೆ 30 ಗಂಟೆ ಒಳ್ಳೆಯ ನೆರೆಹೊರೆಯವರಾಗಿ ಇರಿ ಎನ್ನುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಕಾಲೇಜಿನ ಆವರಣದಲ್ಲೇ ಇರುವ ಲ್ಯಾಸೆಲ್ ವಿಲೇಜ್‌ನದು ಇನ್ನೊಂದು ಬಗೆ: ಅಲ್ಲಿನ ನಿವಾಸಿಗಳು ವರ್ಷಕ್ಕೆ 450 ಗಂಟೆ ಏನಾದರೂ ಕಲಿಯಲೇಬೇಕು, ಅದು ಸೇರುವಾಗಲೇ ಒಪ್ಪಿಕೊಳ್ಳುವ ನಿಯಮ. ಎಂಬತ್ತರ ವಯಸ್ಸಿನವರಿಗೂ ಹೋಂವರ್ಕ್! ನಮ್ಮಲ್ಲಿ ಅಷ್ಟು ದೊಡ್ಡ ಏರ್ಪಾಟು ಬೇಕಿಲ್ಲ. ಎನ್‌ಎಸ್‌ಎಸ್ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಕೆಲಸ ತೋರಿಸಬೇಕಲ್ಲ, ಅದರಲ್ಲಿ ಮೂವತ್ತು ಗಂಟೆ ತೆಗೆದಿಟ್ಟರೆ ಹತ್ತು ವಾರಕ್ಕೂ ತಯಾರಿಗೂ ಸಾಕು.

ಮೊದಲು ನೀವೊಬ್ಬರೇ ಹೋಗಿ

ವಿದ್ಯಾರ್ಥಿಗಳನ್ನು ಕರೆದೊಯ್ಯುವ ಮುಂಚೆ ನೀವೊಬ್ಬರೇ ಎರಡು ಸಲ ಹೋಗಿಬನ್ನಿ. ಟ್ರಸ್ಟುಗಳು ನಡೆಸುವ ಉಚಿತ ಆಶ್ರಮ, ತಿಂಗಳಿಗಿಷ್ಟು ಎಂದು ಕಟ್ಟಿ ಇರುವ ಮನೆ, ದೊಡ್ಡ ಊರುಗಳ ಸೀನಿಯರ್ ಲಿವಿಂಗ್ ಅಪಾರ್ಟ್‌ಮೆಂಟ್ ಮೂರೂ ಬೇರೆ ಬೇರೆ ಲೋಕ. ಅಪಾರ್ಟ್‌ಮೆಂಟಿನ ನಿವೃತ್ತ ಎಂಜಿನಿಯರಿಗೆ ವಾಟ್ಸಾಪ್ ಕಲಿಸಲು ಹೋದರೆ ಅವರೇ ನಿಮ್ಮ ಹುಡುಗರಿಗೆ ಎಕ್ಸೆಲ್ ಕಲಿಸಿ ಕಳಿಸುತ್ತಾರೆ. ಉಚಿತ ಆಶ್ರಮದಲ್ಲಿ ಎಷ್ಟೋ ಮಂದಿಯ ಹತ್ತಿರ ಫೋನೇ ಇರುವುದಿಲ್ಲ. ಅಲ್ಲಿಗೆ ಹೋಗುವವರ ಕೈಚೀಲದಲ್ಲಿ ಬೇರೆಯದೇ ಪಾಠ ಇರಬೇಕು.

ಮ್ಯಾನೇಜರ್ ಜೊತೆ ಮಾತಾಡಿ, ಆದರೆ ಆಯಾಗಳ ಜೊತೆಯೂ ಮಾತಾಡಿ. ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾರಿಗೆ ಎಡಗಿವಿ ಮಾತ್ರ ಕೇಳುತ್ತದೆ, ಯಾರು ಯಾರ ಪಕ್ಕ ಕೂರುವುದಿಲ್ಲ, ಇದೆಲ್ಲ ಗೊತ್ತಿರುವುದು ಅವರಿಗೆ. ವೇಳೆ ಗೊತ್ತುಮಾಡುವಾಗ ಅವರನ್ನು ಕೇಳದೆ ಇದ್ದರೆ ಕೆಟ್ಟಿರಿ. ಊಟದ ನಂತರ ನಿದ್ದೆ. ಸಂಜೆ ಆರರ ಮೇಲೆ ದೇವರ ದೀಪ, ಭಜನೆ, ಆಮೇಲೆ ಧಾರಾವಾಹಿ. ಧಾರಾವಾಹಿಯ ಹೊತ್ತಿಗೆ ಅಡ್ಡ ಬಂದವರನ್ನು ಯಾವ ಅಜ್ಜಿಯೂ ಕ್ಷಮಿಸುವುದಿಲ್ಲ. ನಾಲ್ಕು ಗಂಟೆಯ ಕಾಫಿ ಮುಗಿದ ಮೇಲಿನ ಒಂದೂವರೆ ಗಂಟೆಯೇ ಸರಿ. ವಾರದ ದಿನ ಬದಲಾಗಬಾರದು, ಶನಿವಾರ ಎಂದರೆ ಹತ್ತು ಶನಿವಾರವೂ ಶನಿವಾರವೇ. ಇಂಟರ್ನಲ್ ಪರೀಕ್ಷೆಯ ವಾರಗಳನ್ನು ಮೊದಲೇ ನೋಡಿ, ತಾರೀಖುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಆಶ್ರಮದ ಗೋಡೆಗೆ ಅಂಟಿಸಿ. ಕೊನೆಯ ತಾರೀಖನ್ನೂ ಬರೆಯಿರಿ. ಯಾವಾಗ ಮುಗಿಯುತ್ತದೆ ಎಂದು ಮೊದಲ ದಿನವೇ ಗೊತ್ತಿದ್ದರೆ ಆಮೇಲೆ "ಯಾಕೆ ಬರಲಿಲ್ಲ" ಎಂದು ಯಾರೂ ಗೇಟು ನೋಡುತ್ತಾ ಕೂರುವುದಿಲ್ಲ.

"ನನಗೇನು ಬರುತ್ತಪ್ಪ" ಎನ್ನುವವರನ್ನು ಕೇಳುವ ಬಗೆ

ಎರಡನೇ ಭೇಟಿಯಲ್ಲಿ ಹಿರಿಯರನ್ನು ಒಬ್ಬೊಬ್ಬರಾಗಿ ಮಾತಾಡಿಸಿ. "ನೀವು ಮಕ್ಕಳಿಗೆ ಏನು ಕಲಿಸುತ್ತೀರಿ?" ಎಂದು ನೇರವಾಗಿ ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ "ನನಗೇನು ಬರುತ್ತಪ್ಪ, ನಾನು ಓದಿದವಳಲ್ಲ" ಎನ್ನುತ್ತಾರೆ. ನಾನು ಬೇರೆ ರೀತಿ ಕೇಳುತ್ತೇನೆ: "ನಿಮ್ಮ ಕೆಲಸಕ್ಕೆ ಹೊಸಬರು ಸೇರಿದರೆ ಮೊದಲ ವಾರ ಅವರಿಗೆ ಏನು ಹೇಳಿಕೊಡುತ್ತಿದ್ದಿರಿ?" ಮನೆಯಲ್ಲೇ ಇದ್ದವರಿಗೆ: "ಸೊಸೆ ಬಂದ ಹೊಸದರಲ್ಲಿ ಅಡುಗೆಮನೆಯಲ್ಲಿ ಮೊದಲು ಯಾವುದನ್ನು ತಿದ್ದಿದಿರಿ?" ಆಗ ನೋಡಿ, ಮಾತು ನಿಲ್ಲುವುದಿಲ್ಲ.

ಹುಟ್ಟಿದ ವರ್ಷ ಗೊತ್ತಾದರೆ ಚಿಕ್ಕದೊಂದು ಲೆಕ್ಕ ಹಾಕಿಟ್ಟುಕೊಳ್ಳಿ. 1945ರಲ್ಲಿ ಹುಟ್ಟಿದವರಿಗೆ ಕನ್ನಡ ನಾಡು ಒಂದಾದ 1956ರ ನವೆಂಬರಿನಲ್ಲಿ ಹನ್ನೊಂದರ ಆಸುಪಾಸು; ನಯಾ ಪೈಸೆ ಬಂದ 1957ರ ಏಪ್ರಿಲ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೈಸೂರು ರಾಜ್ಯ ಕರ್ನಾಟಕವಾದ 1973ಕ್ಕೆ ಇಪ್ಪತ್ತೆಂಟು, ತುರ್ತು ಪರಿಸ್ಥಿತಿಗೆ ಮೂವತ್ತು. ಇಷ್ಟು ಗೊತ್ತಿದ್ದ ಹುಡುಗ "ನಿಮ್ಮ ಕಾಲದಲ್ಲಿ ಹೇಗಿತ್ತು ತಾತ?" ಎಂಬ ಬೋಳು ಪ್ರಶ್ನೆ ಕೇಳುವುದಿಲ್ಲ. "ನೀವು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಆಣೆ ಹೋಗಿ ಪೈಸೆ ಬಂತಲ್ಲ, ಅಂಗಡಿಯಲ್ಲಿ ಚಿಲ್ಲರೆ ಹೇಗೆ ಕೊಡುತ್ತಿದ್ದರು?" ಎನ್ನುತ್ತಾನೆ.

ಈ ಪ್ರಶ್ನೆಗೆ ನಾನು ಕೇಳಿದ ಉತ್ತರವನ್ನು ಹೇಳಲೇಬೇಕು. ಕಿರಾಣಿ ಅಂಗಡಿಯವರ ಮಗನಾಗಿ ಬೆಳೆದ ಹಿರಿಯರೊಬ್ಬರು ಬಿಕಾಂ ಹುಡುಗಿಯ ನೋಟ್‌ಬುಕ್ ಇಸಿದುಕೊಂಡು ಎರಡು ಸಾಲು ಎಳೆದರು. ರೂಪಾಯಿಗೆ ಹದಿನಾರಾಣೆ, ನೂರು ನಯಾ ಪೈಸೆ. ಆಣೆಗೆ ಆರೂಕಾಲು ಪೈಸೆ ಬರುತ್ತೆ, ಕಾಲು ಪೈಸೆ ಎಲ್ಲಿಂದ ತರುವುದು? ಅದಕ್ಕೇ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಪಟ್ಟಿ ಇತ್ತು. "ಈಗ ಹೇಳಮ್ಮ, ಮೂರಾಣೆ ಪೆಪ್ಪರಮಿಂಟು ಬೇಕು ನಿನಗೆ. ಹೇಗೆ ಕೊಳ್ತೀಯ?" ಹುಡುಗಿ ಪೆನ್ನು ಕಚ್ಚುತ್ತಾ ನೋಡಿದಳು. ಒಟ್ಟಿಗೆ ಕೊಂಡರೆ 19, ಆಣೆಯ ಲೆಕ್ಕದಲ್ಲಿ ಮೂರು ಸಲ ಕೊಂಡರೆ 18. "ಬೀದಿ ಮಕ್ಕಳೆಲ್ಲ ಮೂರು ಮೂರು ಸಲ ಅಂಗಡಿಗೆ ಬರೋರು. ನಮ್ಮಪ್ಪ ಬೈಯೋರು." ರೌಂಡಿಂಗ್ ಎಂಬ ಪಾಠವನ್ನು ಆ ಹುಡುಗಿ ಇನ್ನು ಮರೆಯುವುದಿಲ್ಲ ಅಂದುಕೊಂಡಿದ್ದೇನೆ.

ಹಾಗೆಯೇ ಅಂಚೆ ಇಲಾಖೆಯಲ್ಲಿದ್ದವರು ತಂತಿಯ ಬಗ್ಗೆ ಹೇಳಬಲ್ಲರು. ನಮ್ಮ ದೇಶದಲ್ಲಿ ಟೆಲಿಗ್ರಾಂ ನಿಂತಿದ್ದು 2013ರ ಜುಲೈನಲ್ಲಿ. ಈಗಿನ ಡಿಗ್ರಿ ಹುಡುಗರು ಆಗ ಚಿಕ್ಕ ಮಕ್ಕಳು. ಶುಭಾಶಯದ ವಾಕ್ಯಗಳಿಗೆ ಒಂದೊಂದು ನಂಬರ್ ಇತ್ತು, ಫಾರಂನಲ್ಲಿ ನಂಬರ್ ಬರೆದರೆ ಆ ಕಡೆ ಪೂರ್ತಿ ವಾಕ್ಯ ತಲುಪುತ್ತಿತ್ತು ಎಂದಾಗ ಒಬ್ಬ ಹುಡುಗ "ಅಂದ್ರೆ ಸ್ಟಿಕ್ಕರ್ ಕಳಿಸಿದ ಹಾಗೆ ಬಿಡಿ ಸಾರ್" ಎಂದ. ಹಳ್ಳಿಯ ಜಮೀನಿನ ಲೆಕ್ಕ ಬರೆಯುತ್ತಿದ್ದ ಶಾನುಭೋಗರ ಮನೆಯವರು ಸಿಕ್ಕರೆ ಕಾನೂನು ಓದುವವರನ್ನು ಅವರ ಜೊತೆ ಹಾಕಿ. ವಂಶಪಾರಂಪರ್ಯದ ಆ ಹುದ್ದೆಗಳನ್ನು 1961ರ ಕಾಯ್ದೆ ತೆಗೆದುಹಾಕಿತು, ಆದರೆ ಚಕ್ಕುಬಂದಿ, ಖರಾಬು, ಖುಷ್ಕಿ, ತರಿ, ಬಾಗಾಯ್ತು ಎಂಬ ಜಮೀನಿನ ಮಾತುಗಳು ಇವತ್ತಿನ ಪಹಣಿಯಲ್ಲೂ ಕ್ರಯಪತ್ರದಲ್ಲೂ ಕೂತಿವೆ. ಉತ್ತರ ಕರ್ನಾಟಕದಲ್ಲಿ ಮೋಡಿ ಲಿಪಿ (ಹಳೆಯ ಮರಾಠಿ ದಾಖಲೆಗಳ ಬರಹ) ಓದಬಲ್ಲ ಹಿರಿಯರು ಸಿಕ್ಕರಂತೂ ಇತಿಹಾಸ ವಿಭಾಗದವರು ತಾವೇ ಗಾಡಿ ಮಾಡಿಕೊಂಡು ಬಂದಾರು.

ವಿದ್ಯಾರ್ಥಿಗಳಿಗೆ ಒಂದು ಮಧ್ಯಾಹ್ನದ ತಯಾರಿ

ಹನ್ನೆರಡೇ ಜನರನ್ನು ತೆಗೆದುಕೊಳ್ಳಿ. ಒಬ್ಬ ಹಿರಿಯರಿಗೆ ಇಬ್ಬರು. ಒಬ್ಬನಿಗೆ ಜ್ವರ ಬಂದರೂ ಇನ್ನೊಬ್ಬ ಹೋಗಿರುತ್ತಾನೆ, ಕಾದು ಕೂತವರು ಕಾದೇ ಇರುವಂತಾಗುವುದಿಲ್ಲ. ಹೋಗುವ ಮುಂಚೆ ಎರಡು ಗಂಟೆ ಕೂರಿಸಿಕೊಂಡು ಈ ವಿಷಯಗಳನ್ನು ಹೇಳಿ.

ಕಿವಿ. ವಯಸ್ಸಾದಂತೆ ಮೊದಲು ಕೈಕೊಡುವುದು ಕೀಚಲು ಧ್ವನಿ ಕೇಳುವ ಶಕ್ತಿ. ಸ, ಶ, ಚ ತರಹದ ಅಕ್ಷರಗಳು ಜಾರಿಹೋಗುತ್ತವೆ, ಸ್ವರ ಮಾತ್ರ ಉಳಿಯುತ್ತದೆ. "ಸಕ್ಕರೆ ಕಡಿಮೆಯಾಯ್ತಾ?" ಎಂದು ಕೇಳಿದರೆ "ಅಕ್ಕರೆ ಕಡಿಮೆಯಾಯ್ತಾ?" ಎಂದು ಕೇಳಿಸಿ ಅಜ್ಜಿ ಕಣ್ಣೊರೆಸಿಕೊಂಡರೆ ಆಶ್ಚರ್ಯವಿಲ್ಲ. ಕಿರುಚಿದರೆ ಧ್ವನಿ ಇನ್ನೂ ಕೀಚಲಾಗುತ್ತದೆ, ಇನ್ನೂ ಕೇಳಿಸುವುದಿಲ್ಲ. ಎದುರಿಗೆ, ಮುಖದ ಮೇಲೆ ಬೆಳಕು ಬೀಳುವಂತೆ ಕೂತು, ದನಿಯ ಶ್ರುತಿ ತಗ್ಗಿಸಿ (ಸದ್ದು ಕಡಿಮೆ ಮಾಡಿ ಅಲ್ಲ), ನಿಧಾನವಾಗಿ ಮಾತಾಡಬೇಕು. ಫ್ಯಾನು, ಟೀವಿ ಆರಿಸಬೇಕು. ಕೇಳಿಸದಿದ್ದರೆ ಅದೇ ವಾಕ್ಯವನ್ನು ಮೂರು ಸಲ ಹೇಳುವ ಬದಲು ಬೇರೆ ಮಾತಿನಲ್ಲಿ ಹೇಳಬೇಕು.

ಕರೆಯುವ ಬಗೆ. ನಮ್ಮ ಹುಡುಗರಿಗೆ ಎಲ್ಲರೂ ಅಜ್ಜಿ, ಎಲ್ಲರೂ ತಾತ. ನಿವೃತ್ತ ಹೆಡ್‌ಮಿಸ್ ಒಬ್ಬರು ನಮ್ಮವನೊಬ್ಬನನ್ನು ತಡೆದು ನಿಲ್ಲಿಸಿ, "ಮದುವೆಯೇ ಆಗಿಲ್ಲ ನನಗೆ, ಯಾರಿಗಪ್ಪ ಅಜ್ಜಿ ಆದೆ?" ಎಂದು ಕೇಳಿದ್ದರು. ಮೇಡಂ, ಮೇಷ್ಟ್ರೇ, ಅಮ್ಮಾ, ಸಾರ್, ಯಾವುದು ಬೇಕೋ ಅವರನ್ನೇ ಕೇಳಿ. ಅವರು ನಿಮ್ಮನ್ನು ಏಕವಚನದಲ್ಲಿ "ಬಾರೋ" ಎಂದರೆ ಅದು ಸಲಿಗೆ, ಬೇಜಾರು ಬೇಡ.

"ಮಕ್ಕಳು ಎಲ್ಲಿದ್ದಾರೆ, ಯಾಕೆ ಇಲ್ಲಿ ಬಿಟ್ಟರು?" ಎಂಬ ಪ್ರಶ್ನೆ ಯಾರ ಬಾಯಿಂದಲೂ ಬರಬಾರದು. ಇಷ್ಟಪಟ್ಟು ಬಂದವರೂ ಇರುತ್ತಾರೆ, ಹೇಳಿಕೊಳ್ಳಲಾಗದವರೂ ಇರುತ್ತಾರೆ. ಅವರಾಗಿ ಹೇಳಿದರೆ ಕೇಳಿ, ಮಗನ ಬಗ್ಗೆ ನೀವು ತೀರ್ಪು ಕೊಡಬೇಡಿ. ಆರನೇ ವಾರ ಅದೇ ಮಗ ಹೋಳಿಗೆ ಡಬ್ಬಿ ಹಿಡಿದು ಬಂದಿರುತ್ತಾನೆ.

ನೆಗಡಿಯಿದ್ದವರು ಮನೆಯಲ್ಲೇ ಇರಲಿ. ತಿಂಡಿ ಒಯ್ಯುವುದು ಬೇಡ.

ಫೋನಿನ ಪಾಠ

ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ಇದೇ. ನಿಯಮ ಒಂದೇ: ಫೋನು ಹಿರಿಯರ ಕೈಯಲ್ಲೇ ಇರಬೇಕು, ಒತ್ತುವುದು ಅವರ ಬೆರಳೇ ಆಗಿರಬೇಕು. "ಕೊಡಿ ಇಲ್ಲಿ, ನಾನು ಮಾಡಿಕೊಡ್ತೀನಿ" ಎಂದು ಕಿತ್ತುಕೊಂಡರೆ ಪಾಠ ಅಲ್ಲಿಗೆ ಮುಗಿಯಿತು. ಮೊಮ್ಮಕ್ಕಳೂ ಅದನ್ನೇ ಮಾಡಿದ್ದರಿಂದಲೇ ಅವರಿನ್ನೂ ಕಲಿತಿಲ್ಲ.

ಮೊದಲ ವಾರ ಯಾವ ಆಪ್ ಕೂಡ ಬೇಡ. ಅಕ್ಷರ ದೊಡ್ಡದು ಮಾಡಿ, ರಿಂಗಿನ ಸದ್ದು ಜೋರು ಮಾಡಿ. ಸೆಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗಕ್ಕೆ ಹೋಗಿ "ಟಚ್ ಅಂಡ್ ಹೋಲ್ಡ್" ಸಮಯವನ್ನು ಹೆಚ್ಚಿಸಿ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಹಿರಿಯರು ಬೆರಳನ್ನು ಪರದೆಯ ಮೇಲೆ ಭದ್ರವಾಗಿ ಒತ್ತಿ ಹಿಡಿಯುತ್ತಾರೆ, ಹಳೇ ಕಾಲಿಂಗ್ ಬೆಲ್ ಒತ್ತಿದ ಹಾಗೆ. ಫೋನು ಅದನ್ನು ಬೇರೆಯೇ ಆಜ್ಞೆ ಎಂದು ತಿಳಿದು ಐಕಾನುಗಳನ್ನು ಅಲುಗಾಡಿಸಲು ಶುರುಮಾಡುತ್ತದೆ. "ನಾನು ಮುಟ್ಟಿದರೆ ಇದು ಕೆಟ್ಟುಹೋಗುತ್ತೆ" ಎಂಬ ಅವರ ದೂರಿಗೆ ಅರ್ಧ ಕಾರಣ ಇದು.

ಆಮೇಲೆ ವಾಟ್ಸಾಪಿನ ವಾಯ್ಸ್ ಮೆಸೇಜ್. ಬರೆಯುವ ಕಷ್ಟವಿಲ್ಲ, ಕನ್ನಡ ಕೀಬೋರ್ಡಿನ ಒತ್ತಕ್ಷರದ ಗೋಳಿಲ್ಲ. ಮೈಕಿನ ಚಿತ್ರವನ್ನು ಒತ್ತಿ ಹಿಡಿದು ಮೇಲಕ್ಕೆ ಜಾರಿಸಿದರೆ ಬೀಗ ಬೀಳುತ್ತದೆ, ಬೆರಳು ತೆಗೆದು ಆರಾಮಾಗಿ ಮಾತಾಡಬಹುದು. ಪ್ರತಿ ಹೆಜ್ಜೆಯನ್ನೂ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ, ಪುಟಕ್ಕೆ ಒಂದೇ ಕೆಲಸದಂತೆ, ಅವರೇ ಬರೆದುಕೊಳ್ಳಲಿ. ಅವರ ಮಾತಿನಲ್ಲೇ ಬರೆಯಲಿ. "ಹಸಿರು ಬಣ್ಣದ ಟೆಲಿಫೋನು ಇರೋದು ಒತ್ತು" ಎಂದು ಅವರು ಬರೆದರೆ ಅದೇ ಸರಿ, ವಾಟ್ಸಾಪ್ ಎಂದು ತಿದ್ದಬೇಡಿ.

ಮೂರನೇ ಪಾಠ ಮೋಸದ್ದು. ಇದನ್ನು ಮುಂದೂಡಬೇಡಿ. ಪೊಲೀಸ್ ಸಮವಸ್ತ್ರ ಹಾಕಿಕೊಂಡು ವಿಡಿಯೋ ಕಾಲಿನಲ್ಲಿ ಹೆದರಿಸುವ "ಡಿಜಿಟಲ್ ಅರೆಸ್ಟ್" ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ಹಣ ನಮಗೆ ಬರುವಾಗ ಯುಪಿಐ ಪಿನ್ ಒತ್ತುವ ಅಗತ್ಯವಿಲ್ಲ. ಯಾರಾದರೂ "ಹಣ ಕಳಿಸುತ್ತೇನೆ, ಪಿನ್ ಒತ್ತಿ" ಎಂದರೆ ಅದು ಹೋಗುವ ಹಣ. ಮೋಸವಾದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಇಷ್ಟನ್ನೂ ಭಾಷಣವಾಗಿ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ. ನಾವು ನಾಟಕ ಆಡಿಸುತ್ತೇವೆ. ಪಕ್ಕದ ಕೋಣೆಯಿಂದ ಒಬ್ಬ ಹುಡುಗ ಇನ್‌ಸ್ಪೆಕ್ಟರ್ ಆಗಿ ಫೋನು ಮಾಡುತ್ತಾನೆ, ಹಿರಿಯರು ಜಗ್ಗದೆ ಫೋನಿಡಬೇಕು. ಒಬ್ಬರು ಅಮ್ಮ ಫೋನಿಡಲಿಲ್ಲ. "ಯಾವ ಸ್ಟೇಷನ್ನಪ್ಪ ನಿಂದು? ನಿಮ್ಮ ಸಾಹೇಬರಿಗೆ ಕೊಡು" ಎಂದು ಹತ್ತು ನಿಮಿಷ ಹುಡುಗನ ಬೆವರಿಳಿಸಿದರು.

ನವೆಂಬರ್ ಹತ್ತಿರವಿದ್ದರೆ ಪಿಂಚಣಿದಾರರಿಗೆ ಬದುಕಿದ್ದೇವೆ ಎಂದು ತೋರಿಸುವ ಜೀವನ ಪ್ರಮಾಣಪತ್ರ ಬೇಕಾಗುತ್ತದೆ. ವಯಸ್ಸಾದವರ ಬೆರಳಚ್ಚು ಸವೆದು ಯಂತ್ರಕ್ಕೆ ಸಿಗದೆ ಒದ್ದಾಡುತ್ತಾರಲ್ಲ, ಅವರಿಗೆ 2021ರಲ್ಲಿ ಬಂದ ಮುಖ ಗುರುತಿಸುವ ವಿಧಾನ ವರದಾನ. ಜೀವನ್ ಪ್ರಮಾಣ್ ಆಪ್, ಅದರ ಜೊತೆಗೆ ಆಧಾರ್ ಫೇಸ್ ಆರ್‌ಡಿ ಆಪ್, ಒಳ್ಳೆಯ ಬೆಳಕು, ಕನ್ನಡಕ ತೆಗೆದ ಮುಖ. ಆದರೆ ಇದನ್ನು ಅಧ್ಯಾಪಕರು ಎದುರಿಗಿದ್ದಾಗಲೇ ಮಾಡಬೇಕು. ಬಂದ ಒಟಿಪಿಯನ್ನು ಹಿರಿಯರೇ ಓದಿ ಅವರೇ ಒತ್ತಬೇಕು.

ಇಲ್ಲಿ ನಮ್ಮದೇ ಒಂದು ತಪ್ಪು ಹೇಳಿಬಿಡುತ್ತೇನೆ. ಒಂದು ವರ್ಷ ಒಬ್ಬ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಹಿರಿಯರೊಬ್ಬರ ಫೋನಿಗೆ ಲಾಕ್ ಹಾಕಿಕೊಟ್ಟ. ನಂಬರು ಅವನ ತಲೆಯಲ್ಲಿತ್ತು, ಅವರ ನೋಟ್‌ಬುಕ್ಕಿನಲ್ಲಿರಲಿಲ್ಲ. ಮರುದಿನ ಅಮೆರಿಕದಿಂದ ಮಗಳು ಹಬ್ಬದ ಕರೆ ಮಾಡಿದಳು. ಫೋನು ಹೊಡೆದುಕೊಂಡಿತು, ಇವರು ಗಾಬರಿಯಲ್ಲಿ ಏನೋ ಒತ್ತಿದರು, ಕರೆ ಕಡಿಯಿತು. ತಿರುಗಿ ಮಾಡೋಣವೆಂದರೆ ಬೀಗ. ಶನಿವಾರದ ತನಕ ಅವರು ಆ ಫೋನನ್ನು ಮುಟ್ಟಲಿಲ್ಲ. ಅಂದಿನಿಂದ ಪಿನ್, ಪಾಸ್‌ವರ್ಡ್, ಬ್ಯಾಂಕಿನ ಆಪ್ ವಿದ್ಯಾರ್ಥಿಗಳು ಮುಟ್ಟುವಂತಿಲ್ಲ. ಅದು ಮನೆಯವರ ಕೆಲಸ, ಇಲ್ಲವೇ ಬ್ಯಾಂಕಿನ ಕೆಲಸ.

ಗೆರೆ ಎಳೆಯಬೇಕಾದ ಜಾಗಗಳು

ಹಣ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ, ಸಾಲವಿಲ್ಲ, ಉಡುಗೊರೆಯಿಲ್ಲ. ಯಾವ ಕಾಗದಕ್ಕೂ ವಿದ್ಯಾರ್ಥಿಗಳು ಸಾಕ್ಷಿ ಸಹಿ ಹಾಕುವಂತಿಲ್ಲ. ಕೋಣೆಯ ಬಾಗಿಲು ಮುಚ್ಚಿ ಕೂರುವಂತಿಲ್ಲ. ಅಜ್ಜಿ ಪ್ರೀತಿಯಿಂದ ಐವತ್ತು ರೂಪಾಯಿ ಕೈಗೆ ತುರುಕಿದರೆ ಏನು ಮಾಡಬೇಕು ಎಂದು ಹುಡುಗರು ಕೇಳಿಯೇ ಕೇಳುತ್ತಾರೆ. ನಮ್ಮ ಉತ್ತರ: ಅವರ ಎದುರಿಗೇ ಆಶ್ರಮದ ಹುಂಡಿಗೆ ಹಾಕಿ.

ಆಸ್ತಿ ವಿಷಯ ಬಂದೇ ಬರುತ್ತದೆ. "ಮನೆ ಮಗನ ಹೆಸರಿಗೆ ಬರೆದುಕೊಟ್ಟೆ, ವಾಪಸ್ ತಗೋಬಹುದಾ?" ಎಂದು ಕಾನೂನು ವಿದ್ಯಾರ್ಥಿಯನ್ನು ಕೇಳಿದರೆ ಅವನಿಗೆ ಉತ್ತರ ಕೊಡುವ ಉತ್ಸಾಹ. ಬೇಡ. 2007ರ ಹಿರಿಯ ನಾಗರಿಕರ ಕಾಯ್ದೆ ಇದೆ, ಉಪವಿಭಾಗಾಧಿಕಾರಿಯವರ ಹತ್ತಿರ ಅರ್ಜಿ ಕೊಡಬಹುದು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಹರಿಗೆ ವಕೀಲರ ನೆರವು ಪುಕ್ಕಟೆ ಸಿಗುತ್ತದೆ ಎಂದು ದಾರಿ ತೋರಿಸಿ ಸುಮ್ಮನಾಗಲಿ. ಯಾರ ಮೈಮೇಲಾದರೂ ಪೆಟ್ಟಿನ ಗುರುತು ಕಂಡರೆ, ಯಾರಾದರೂ ಹೆದರಿಕೊಂಡು ಮಾತಾಡಿದರೆ ಅದು ಅಧ್ಯಾಪಕರಿಗೆ ಅಂದೇ ಗೊತ್ತಾಗಬೇಕು. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567.

ಧ್ವನಿಮುದ್ರಣ, ಫೋಟೋ ಮಾಡುವ ಮುನ್ನ ಕೇಳಿ, ಮುಗಿದ ಮೇಲೆ ಇನ್ನೊಮ್ಮೆ ಕೇಳಿ. ಮಾತಿನ ಭರದಲ್ಲಿ ಮನೆಯ ಗುಟ್ಟು ಹೊರಬಂದಿರುತ್ತದೆ. ರಾತ್ರಿ ಮಲಗಿದಾಗ "ಅಯ್ಯೋ ಅದನ್ನು ಯಾಕೆ ಹೇಳಿದೆ" ಎನಿಸುತ್ತದೆ. ಮುಂದಿನ ವಾರ "ಅದನ್ನು ತೆಗೆದುಬಿಡು ಮಗೂ" ಎಂದರೆ ಅವರ ಎದುರಿಗೇ ಅಳಿಸಬೇಕು. ಇನ್‌ಸ್ಟಾಗ್ರಾಂ ಅಂತೂ ಬೇಡವೇ ಬೇಡ.

ಮರೆವಿನ ಕಾಯಿಲೆ ಇರುವವರ ಜೊತೆ ಕೂರುವುದಾದರೆ ಮನೆಯವರ ಒಪ್ಪಿಗೆಯೂ ಬೇಕು. "ನಾನು ಯಾರು ಹೇಳಿ ನೋಡೋಣ" ಎಂದು ಪರೀಕ್ಷೆ ಮಾಡಬಾರದು. ಪ್ರತಿ ವಾರವೂ ಹೊಸದಾಗಿ ಹೆಸರು ಹೇಳಿ ಕೂರಿ. ಅವರಿಗೆ ಮಾತಿಗಿಂತ ಕೈಕೆಲಸ ಹಿತ: ಹೂ ಕಟ್ಟುವುದು, ಅವರೆಕಾಳು ಸುಲಿಯುವುದು, ಹತ್ತಿಯಿಂದ ಬತ್ತಿ ಹೊಸೆಯುವುದು. ನಿಮ್ಮ ಹೆಸರು ನೆನಪಿಲ್ಲದವರ ಬೆರಳಿಗೆ ಮಲ್ಲಿಗೆಯ ಕಟ್ಟು ನೆನಪಿರುತ್ತದೆ. ನಮ್ಮ ಹುಡುಗಿಯರಿಗೆ ಬಾಳೆನಾರಿನಲ್ಲಿ ಹೂ ಕಟ್ಟಲು ಕಲಿಸಿದವರು ಅಂಥವರೇ ಒಬ್ಬರು.

ಇನ್ನೊಂದು. ಹತ್ತು ವಾರದಲ್ಲಿ ಒಬ್ಬರು ತೀರಿಕೊಳ್ಳಬಹುದು, ನಮಗೆ ಎರಡು ಸಲ ಹಾಗಾಗಿದೆ. ಹತ್ತೊಂಬತ್ತು ವರ್ಷದ ಹುಡುಗನಿಗೆ ಅದು ಬದುಕಿನ ಮೊದಲ ಸಾವಾಗಿರಬಹುದು. ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಹಾಕಬೇಡಿ. ಆ ಹಿರಿಯರ ಜೊತೆ ಕೂರುತ್ತಿದ್ದ ಇಬ್ಬರನ್ನು ಕರೆದು ಎದುರಿಗೆ ಕೂರಿಸಿಕೊಂಡು ಹೇಳಿ, ಅಂತಿಮ ದರ್ಶನಕ್ಕೆ ಹೋಗುತ್ತೇವೆ ಎಂದರೆ ಕರೆದುಕೊಂಡು ಹೋಗಿ. ಆ ಶನಿವಾರವೂ ಆಶ್ರಮಕ್ಕೆ ಹೋಗಿ, ಉಳಿದವರ ಜೊತೆ ಸುಮ್ಮನೆ ಕೂತು ಬನ್ನಿ.

ಹತ್ತನೇ ವಾರ, ಅದರಾಚೆ

ಕೊನೆಯ ದಿನ ನೀವು ಹೋಗಬೇಡಿ, ಅವರನ್ನು ಕಾಲೇಜಿಗೆ ಕರೆಸಿ. ಹಿಂದಿನ ದಿನವೇ ಓಡಾಡಿ ನೋಡಿಕೊಳ್ಳಿ: ಕಾರ್ಯಕ್ರಮ ನೆಲಮಹಡಿಯಲ್ಲೇ ಇರಲಿ, ಹತ್ತಿರದಲ್ಲಿ ಕಮೋಡ್ ಇರುವ ಶೌಚಾಲಯ ಬೇಕು, ಬೆನ್ನಿಗೆ ಆಸರೆಯಿರುವ ಕುರ್ಚಿ ಬೇಕು. ಟೆಂಪೋ ಟ್ರಾವೆಲರ್‌ನ ಮೊದಲ ಮೆಟ್ಟಿಲು ಎತ್ತರ, ಹತ್ತಿಳಿಯಲು ಒಂದು ಗಟ್ಟಿ ಸ್ಟೂಲು ಜೊತೆಗಿರಲಿ. ಸನ್ಮಾನ, ಶಾಲು, ಹಾರ ಬೇಡ. ಪ್ರಿನ್ಸಿಪಾಲರ ಭಾಷಣ ಐದು ನಿಮಿಷ ಮೀರದಂತೆ ನೋಡಿಕೊಳ್ಳುವುದು ನಿಮ್ಮ ಚಾಕಚಕ್ಯತೆ. ಹಿರಿಯರು ಒಬ್ಬೊಬ್ಬರು ಹದಿನೈದು ನಿಮಿಷ ನಿಜವಾದ ತರಗತಿ ತೆಗೆದುಕೊಳ್ಳಲಿ. ಆಣೆ ಲೆಕ್ಕದವರು ಕಪ್ಪುಹಲಗೆ ಕೇಳಿದ್ದರು. ನಮ್ಮಲ್ಲಿದ್ದದ್ದು ಬಿಳಿ ಬೋರ್ಡು, ಮಾರ್ಕರ್. ಮಾರ್ಕರ್ ಮುಚ್ಚಳ ತೆಗೆಯಲು ಆ ಹುಡುಗಿಯೇ ಎದ್ದು ಹೋದಳು.

ವರದಿಯಲ್ಲಿ ಎಷ್ಟು ಜನ ಬಂದರು ಎಂದು ಬರೆಯುವುದು ಇದ್ದೇ ಇದೆ. ಅದರ ಜೊತೆಗೆ ನಾನು ಎರಡನ್ನು ನೋಡುತ್ತೇನೆ. ಹತ್ತನೇ ವಾರ ಹಿರಿಯರು ಯಾರ ಸಹಾಯವೂ ಇಲ್ಲದೆ ಒಂದು ವಾಯ್ಸ್ ಮೆಸೇಜ್ ಕಳಿಸಿದರೇ? ವಿದ್ಯಾರ್ಥಿ ತಾನು ಅವರಿಂದ ಕಲಿತದ್ದನ್ನು ಇನ್ನೊಬ್ಬರಿಗೆ ತಪ್ಪಿಲ್ಲದೆ ಹೇಳಿಕೊಡಬಲ್ಲನೇ? ಕಳೆದ ಸಲ ಆರರಲ್ಲಿ ನಾಲ್ವರು ಮೆಸೇಜ್ ಕಳಿಸಿದರು. ಹುಡುಗರ ಲೆಕ್ಕ ಅದಕ್ಕಿಂತ ಸ್ವಲ್ಪ ಕಡಿಮೆಯೇ ಬಂತು.

ನೋಟ್‌ಬುಕ್ಕುಗಳು ಹಿರಿಯರ ಹತ್ತಿರವೇ ಉಳಿಯಲಿ. ವಿದ್ಯಾರ್ಥಿಗಳು ಬರೆದಿಟ್ಟುಕೊಂಡದ್ದನ್ನು, ಒಪ್ಪಿಗೆಯಿರುವಷ್ಟನ್ನು ಮಾತ್ರ, ಟೈಪು ಮಾಡಿ ಬೈಂಡ್ ಹಾಕಿಸಿ ಕಾಲೇಜಿನ ಲೈಬ್ರರಿಗೆ ಒಂದು ಪ್ರತಿ, ಆಶ್ರಮಕ್ಕೆ ಒಂದು ಪ್ರತಿ ಕೊಡಿ. ಆಶ್ರಮದ ಪ್ರತಿ ಹದಿನೆಂಟು ಪಾಯಿಂಟ್ ಅಕ್ಷರದಲ್ಲಿರಲಿ.

ಮುಂದೆಯೂ ಬರುತ್ತೇವೆ ಎಂದು ಹುಡುಗರು ಮಾತು ಕೊಡಲು ಹೊರಡುತ್ತಾರೆ. ಆರನೇ ಸೆಮಿಸ್ಟರ್ ಮುಗಿದ ಮೇಲೆ ಯಾರು ಎಲ್ಲಿರುತ್ತಾರೋ. ಆ ಮಾತಿನ ಬದಲು ತಿಂಗಳಿಗೊಂದು ಪೋಸ್ಟ್ ಕಾರ್ಡ್ ಬರೆಯಲಿ. ಅದು ಈಗಲೂ 50 ಪೈಸೆ. ಬಿಡಿಯಾಗಿ ಒಂದು ಕೊಳ್ಳಲು ಹೋದರೆ ಚಿಲ್ಲರೆಯ ತಕರಾರು, ಹತ್ತು ರೂಪಾಯಿಗೆ ಇಪ್ಪತ್ತು ಒಟ್ಟಿಗೆ ತಂದಿಟ್ಟುಕೊಳ್ಳಿ. ವಿಳಾಸದ ಪಿನ್‌ಕೋಡ್ ತಪ್ಪಬಾರದು, ಅಕ್ಷರ ದಪ್ಪಗಿರಬೇಕು, ನೀಲಿಗಿಂತ ಕಪ್ಪು ಶಾಯಿ ಚೆನ್ನಾಗಿ ಕಾಣುತ್ತದೆ.